ಲಗಾಮಿನ ಬಗ್ಗೆ ಶರಣುವಿಗೆ ಬರೆದ ಪತ್ರ

ಆಳಂದ,
ಕಾರಹುಣ್ಣಿಮೆಯ ಮರುದಿನ

ಚಿರಂಜೀವಿ ಶರಣುವಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ಅವ್ವ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ಅದನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ಕುದುರೆ ಹೂಡಿ ಉಳುವ ಯಜಮಾನರ ಹೊಲದಲ್ಲಿ ಸಂಬಳವಿಲ್ಲದೆ ಕೆಲಸ ಕಲಿಯುತ್ತಿರುವ ನೀನು ಅಲ್ಲಿಯ ಕುದುರೆಗಳ ಬಗ್ಗೆ ಬರೆದ ಪುಟಗಳನ್ನು ಸಂತೋಷದಿಂದ ಓದಿದೆ. ಆದರೆ ಕೊನೆಯ ಪುಟದಲ್ಲಿ, ಬೇರೇನೋ ಹೇಳುತ್ತಿರುವಾಗ ನಡುವೆ, ಲಗಾಮು ನನ್ನ ಕೈಗೆ ಯಾವಾಗ ಕೊಡುತ್ತೀರಿ ಎಂದು ಯಜಮಾನರನ್ನು ಕೇಳಲು ಹೆದರಿಕೆಯಾಗುತ್ತದೆ ಎಂದು ಒಂದು ಸಾಲು ಬರೆದಿದ್ದೀಯ. ಆ ಸಾಲು ನನ್ನ ನಿದ್ದೆ ಕೆಡಿಸಿದೆ. ಎಂಟೊಂಬತ್ತು ನೂರು ಕಿಲೋ ತೂಗುವ ಪರ್ಷೆರಾನ್ ಎಂಬ ಭಾರ ಎಳೆಯುವ ತಳಿಯ ಕುದುರೆಯ ಹಿಂಗಾಲಿಗೆ ಹೆದರುತ್ತೇನೆ ಎಂದು ಬರೆದಿದ್ದರೆ ಇಷ್ಟು ಚಿಂತೆಯಾಗುತ್ತಿರಲಿಲ್ಲ. ಆ ಹೆದರಿಕೆ ಒಳ್ಳೆಯದೇ, ಕೆಲಸ ಮಾಡುತ್ತ ಅದು ಹದಕ್ಕೆ ಬರುತ್ತದೆ. ಮನುಷ್ಯನನ್ನು ಕೇಳಲು ಹುಟ್ಟುವ ಹೆದರಿಕೆ ಹಾಗಲ್ಲ, ಸುಮ್ಮನಿದ್ದಷ್ಟೂ ಬೆಳೆಯುತ್ತದೆ.

ನಾನು ಕುದುರೆ ಹೂಡಿದವನಲ್ಲ. ದೇವಣಿ ಎತ್ತುಗಳ ಹಿಂದೆ ಕೂರಿಗೆ, ಎಡೆಕುಂಟೆ ಹಿಡಿದಿದ್ದೇನೆ, ಅಷ್ಟೇ. ನಮ್ಮ ನೊಗ ಎತ್ತಿನ ಡುಬ್ಬದ ಮುಂದೆ ಕೂರುತ್ತದೆ. ನಿಮ್ಮಲ್ಲಿ ಕಾಲರ್ ಎಂಬ ದಪ್ಪ ಕೊರಳಪಟ್ಟಿ ಹಾಕಿ ಎಳೆತದ ಭಾರವನ್ನೆಲ್ಲ ಕುದುರೆಯ ಭುಜಕ್ಕೆ ಕೊಡುತ್ತಾರೆ. ಗಾಬರಿಯಾದರೆ ಓಡುವುದೇ ಕುದುರೆಯ ಸ್ವಭಾವ, ಹಿಂದೆ ಕಟ್ಟಿದ ಬಂಡಿಯೋ ನೇಗಿಲೋ ಸದ್ದು ಮಾಡುತ್ತ ಬೆನ್ನಟ್ಟಿದಂತೆ ಕಂಡು ಇನ್ನಷ್ಟು ಓಡುತ್ತದೆ. ಆದ್ದರಿಂದ ಹೊಸಬನ ಕೈಗೆ ಬೇಗ ಲಗಾಮು ಕೊಡದ ಯಜಮಾನರನ್ನು ನಾನು ಅನುಮಾನಿಸುವುದಿಲ್ಲ. ಹೂಡುವಾಗ ಲಗಾಮು ಕೈಯಲ್ಲಿದ್ದ ಮೇಲೆಯೇ ಎಳೆಯುವ ಪಟ್ಟಿಗಳನ್ನು ಸಿಕ್ಕಿಸಬೇಕು, ಬಿಚ್ಚುವಾಗ ಪಟ್ಟಿಗಳು ಮೊದಲು, ಲಗಾಮು ಕೊನೆಗೆ; ಬಂಡಿಗೆ ಹೂಡಿರುವಾಗ ತಲೆಗೆ ಕಟ್ಟಿದ ಕಡಿವಾಣವನ್ನು ಎಂದೂ ತೆಗೆಯಬಾರದು: ಇವು ಯೋಚಿಸದೆಯೇ ಕೈಗೆ ಬರುವ ತನಕ ಕಾಯಿಸುವುದು ನ್ಯಾಯವೇ. ನನ್ನ ಚಿಂತೆ ಕಾಯುವುದರ ಬಗ್ಗೆ ಅಲ್ಲ. ಏನು ಕಲಿತರೆ ಕಾಯುವುದು ಮುಗಿಯುತ್ತದೆ ಎಂದು ನಿನಗೆ ಯಾರೂ ಹೇಳಿಲ್ಲ, ನೀನೂ ಕೇಳಿಲ್ಲ. ಸಂಬಳದ ಬದಲು ಕಲಿಕೆಯನ್ನೇ ಒಪ್ಪಿಕೊಂಡವನಿಗೆ ಆ ಕಲಿಕೆಯ ಲೆಕ್ಕ ಕೇಳುವ ಹಕ್ಕಿಲ್ಲವೇ?

ನೀನು ಅಲ್ಲಿ ಸೇರಿದ್ದು ಯುಗಾದಿಯ ಸುಮಾರಿಗೆ ಎಂಬುದು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ, ಏಕೆಂದರೆ ನಮ್ಮ ಕಡೆ ಒಕ್ಕಲುತನದ ಮನೆಗಳಲ್ಲಿ ವರ್ಷದ ಆಳು ಸೇರುತ್ತಿದ್ದುದೂ ಬಿಡುತ್ತಿದ್ದುದೂ ಯುಗಾದಿಗೇ. ನಮ್ಮ ಮನೆಯಲ್ಲಿ ಇದ್ದ ಆಳಿನ ವಿಷಯ ನಿನ್ನ ಅಪ್ಪನಿಗೆ ಗೊತ್ತು, ಹೆಸರು ಬರೆಯುವುದಿಲ್ಲ. ಕೂರಿಗೆಯ ಬಟ್ಟಲಿಗೆ ಜೋಳದ ಕಾಳನ್ನು ಒಂದೇ ಸಮನೆ ಬಿಡುವುದನ್ನು ನನಗೆ ಕಲಿಸಿದವನು ಅವನೇ. ಮಗಳ ಮದುವೆಗೆಂದು ನಮ್ಮ ಮನೆಯಿಂದ ತೆಗೆದುಕೊಂಡ ಸಾಲ ಪ್ರತಿ ಯುಗಾದಿಗೂ ಲೆಕ್ಕದ ಪುಸ್ತಕದ ಹೊಸ ಪುಟಕ್ಕೆ ಏರುತ್ತಿತ್ತು. ಅವನು ಅಂಗಳದಲ್ಲಿ ನಿಂತು ಬಾಕಿ ಎಷ್ಟು ಉಳಿಯಿತೆಂದು ಕೇಳಲು ಬಾಯಿ ತೆರೆದು, ಎತ್ತಿಗೆ ಹಿಂಡಿ ಮುಗಿದಿದೆ ಎಂದು ಹೇಳಿ ಹೋಗುತ್ತಿದ್ದನು. ನಿನ್ನ ಮುತ್ಯಾ ಕೆಟ್ಟವರಾಗಿರಲಿಲ್ಲ. ನಾವು ಉಂಡದ್ದನ್ನೇ ಅವನಿಗೂ ಬಡಿಸುತ್ತಿದ್ದರು. ಅವನು ಕೇಳದೇ ಇದ್ದುದನ್ನು ಅವರು ಅವನ ನೆಮ್ಮದಿಯೆಂದು ತಿಳಿದರು, ಮನೆಯವರೆಲ್ಲ ಹಾಗೆಯೇ ತಿಳಿದೆವು. 1976ರಲ್ಲಿ ಜೀತ ಪದ್ಧತಿಯನ್ನು ರದ್ದುಪಡಿಸುವ ಕಾಯ್ದೆ ಬಂದು, ಅಂಥ ಸಾಲಗಳೆಲ್ಲ ತೀರಿದಂತೆಯೇ ಎಂದು ಶಾಲೆಯಲ್ಲಿ ಮಾಸ್ತರರು ಓದಿ ಹೇಳಿದಾಗ, ಅದು ನಮ್ಮ ಮನೆಯ ಪುಸ್ತಕಕ್ಕೂ ಸಂಬಂಧಿಸಿದ್ದೆಂದು ನನಗೆ ಹೊಳೆಯಲು ಎಷ್ಟೋ ಕಾಲ ಬೇಕಾಯಿತು. ಅಷ್ಟರಲ್ಲಿ ಅವನು ಬೊಂಬಾಯಿಯ ಕಡೆ ಹೋಗಿದ್ದನು, ಮತ್ತೆ ಸಿಗಲಿಲ್ಲ.

ನಿನ್ನ ಸ್ಥಿತಿಯನ್ನು ಅವನ ಸ್ಥಿತಿಗೆ ಸಮ ಮಾಡುತ್ತಿದ್ದೇನೆಂದು ಸಿಟ್ಟಾಗಬೇಡ. ನೀನು ಓದಿದವನು, ಸಾಲವಿಲ್ಲದವನು, ಬೇಕೆಂದೇ ಹೋದವನು. ಆದರೂ ಯಜಮಾನರ ಕಟ್ಟೆಯ ಮೇಲೆ ಕುಳಿತು ನೋಡಿದವನಾದ್ದರಿಂದ ಹೇಳುತ್ತೇನೆ: ಅಲ್ಲಿಂದ ನೋಡುವವರಿಗೆ ಕೆಳಗೆ ನಿಂತವನ ಹೆದರಿಕೆ ಕಾಣುವುದೇ ಇಲ್ಲ. ನಿನ್ನ ಯಜಮಾನರು ಸಜ್ಜನರೇ ಆಗಿದ್ದರೂ, ಹುಡುಗ ಲದ್ದಿ ಬಳಿದು, ಹುಲ್ಲು ಹಾಕಿ, ಕಳೆ ಕಿತ್ತುಕೊಂಡು ಸುಖವಾಗಿದ್ದಾನೆ ಎಂದೇ ತಿಳಿದಿರಬಹುದು. ಅಮೆರಿಕದ ಲ್ಯಾಂಕಾಸ್ಟರ್ ಕಡೆಯ ಆಮಿಶ್ ಎಂಬ ಕ್ರೈಸ್ತ ಪಂಗಡದ ಜನರು ಇಂದಿಗೂ ಕುದುರೆ, ಹೇಸರಗತ್ತೆಗಳಿಂದಲೇ ಹೊಲ ಉಳುತ್ತಾರೆ, ಅವರ ಮಕ್ಕಳು ತಂದೆಯ ಪಕ್ಕದಲ್ಲೇ ನಿಂತು ಕಲಿಯುತ್ತಾರೆ. ಅವರಿಗೆ ಈ ಪ್ರಶ್ನೆಯೇ ಬರುವುದಿಲ್ಲ. ನನಗೂ ಬರಲಿಲ್ಲ. ಪರರ ಹೊಲದಲ್ಲಿ ಕಲಿಯುವವನಿಗೆ ಮಾತ್ರ ಬಾಯಿ ತೆರೆಯುವ ಕಷ್ಟ.

ಹೇಗೆ ಕೇಳಬೇಕೆಂದು ಹೇಳಲು ನನಗೂ ಅಷ್ಟು ತಿಳಿಯದು. ಹೂಡುವ ಹೊತ್ತಿನಲ್ಲಿ ಬೇಡ. ಸಂಜೆ ಕುದುರೆಗಳನ್ನು ಬಿಚ್ಚಿ, ಕಾಲರ್ ಕೆಳಗೆ ಭುಜ ಕೆಂಪಾಗಿದೆಯೇ ಎಂದು ಇಬ್ಬರೂ ಕೈಯಾಡಿಸಿ ನೋಡುತ್ತಿರುವಾಗ ಮಾತು ಸಲೀಸಾಗಿ ಬರಬಹುದು. ಯಾವಾಗ ಎಂದು ಕೇಳುವುದಕ್ಕಿಂತ, ನನ್ನಲ್ಲಿ ಏನು ಕಂಡರೆ ಕೊಡುವಿರಿ ಎಂದು ಕೇಳಿದರೆ ಉತ್ತರ ಕೊಡುವುದು ಅವರಿಗೂ ಸುಲಭ. ಮೊದಲ ಸಲ ಕೊಡುವುದಾದರೆ ವಯಸ್ಸಾದ, ಪಳಗಿದ ಜೋಡಿಯನ್ನೇ ಕೇಳಿಕೋ, ಹಸನಾದ ನೆಲದಲ್ಲಿ, ಹಗುರವಾದ ಕುಂಟೆಗೆ. ಎಳೆಯ ಕುದುರೆಗೂ ಎಳೆಯ ಕೈಗೂ ಒಟ್ಟಿಗೆ ಕಲಿಸಲು ಯಾರಿಗೂ ಆಗುವುದಿಲ್ಲ. ಮಾಡಿದ ಕೆಲಸವನ್ನು ದಿನವೂ ಬರೆದಿಡುವುದು ಒಳ್ಳೆಯದೆಂದು ನನಗೆ ತೋರುತ್ತದೆ, ಮುದುಕನ ಮಾತೆಂದು ಬಿಟ್ಟರೂ ಬಿಡಬಹುದು. ಆದರೆ ಕೇಳುವುದನ್ನು ಬಿಡಬೇಡ.

ಕೇಳಿದ ಮೇಲೆ ಅವರು ಮುಖ ತಿರುಗಿಸಿದರೆ ಎಂಬ ಹೆದರಿಕೆ ನಿನಗಿರಬಹುದು. ತಿರುಗಿಸಿದರೆ ಹಿಂದಿರುಗುವ ಟಿಕೆಟ್ಟಿಗೆ ಹಣವಿಲ್ಲ ಎಂಬುದೂ ಆ ಹೆದರಿಕೆಯೊಳಗೆ ಸೇರಿರಬಹುದೆಂದು ಊಹಿಸುತ್ತೇನೆ, ನೀನು ಬರೆದಿಲ್ಲ. ಈ ಸಲದ ತೊಗರಿಯ ಹಣ ಬ್ಯಾಂಕಿನಲ್ಲಿದೆ. ಬೇಕಾದರೆ ಒಂದು ಸಾಲು ಬರೆ, ನಿನ್ನ ಅಪ್ಪನಿಗೆ ಹೇಳದೆ ಕಳುಹಿಸುತ್ತೇನೆ. ಬೇಡವಾದರೆ ಯಜಮಾನರು ಏನು ಉತ್ತರ ಕೊಟ್ಟರೆಂಬುದನ್ನಾದರೂ ತಿಳಿಸು.

ಇತಿ ನಿನ್ನ ಕಾಕಾ