ರಸಾಯನಶಾಸ್ತ್ರ ಕಲಿಯಲು ಹೊರಟ ತಮ್ಮನ ಮಗಳಿಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಶಿವಮೊಗ್ಗದಲ್ಲಿ ಬಿ.ಎಸ್ಸಿ.ಗೆ ಸಿಕ್ಕಿರುವ ಸೀಟನ್ನು ಬಿಟ್ಟು, ಮನೆಯಲ್ಲಿದ್ದುಕೊಂಡೇ ಆನ್‌ಲೈನಿನಲ್ಲಿ ರಸಾಯನಶಾಸ್ತ್ರ ಕಲಿಯುವ ಯೋಚನೆ ನಿನಗಿದೆಯೆಂದು ನಿನ್ನಪ್ಪ ಬರೆದಿದ್ದಾನೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಆನ್‌ಲೈನ್ ಪಾಠಗಳ ಯೋಜನೆಯಾದ ಎನ್‌ಪಿಟಿಇಎಲ್‌ನಿಂದಾಗಿ, ಹಿಂದೆ ಅಲ್ಲಿ ಪ್ರವೇಶ ಪಡೆದವರಿಗಷ್ಟೇ ದಕ್ಕುತ್ತಿದ್ದ ಪಾಠಗಳನ್ನು ಇಂದು ತೀರ್ಥಹಳ್ಳಿಯಲ್ಲಿ ಕುಳಿತೇ ಶುಲ್ಕವಿಲ್ಲದೆ ಕೇಳಬಹುದು. ತಿಳಿಯದ ಭಾಗವನ್ನು ಸಂಕೋಚವಿಲ್ಲದೆ ಮತ್ತೆ ಮತ್ತೆ ಕೇಳಬಹುದು.

ಆದರೆ ನೀನು ಆರಿಸಿಕೊಂಡ ವಿಷಯ ಪ್ರಯೋಗಾಲಯವಿಲ್ಲದೆ ಒಲಿಯುವುದಲ್ಲ. ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಸೇರಿಸಿ ಅಳೆಯುವ ಟೈಟ್ರೇಷನ್ ಮಾಡುವಾಗ, ಬ್ಯುರೆಟ್ಟೆಂಬ ಅಳತೆಗೆರೆಗಳ ಗಾಜಿನ ಕೊಳವೆಯಲ್ಲಿನ ದ್ರವದ ಮಟ್ಟಕ್ಕೆ ಕಣ್ಣನ್ನು ಸಮನಾಗಿಟ್ಟು ಅಳತೆ ಓದುವುದನ್ನು, ಬಣ್ಣದಿಂದ ಸೂಚನೆ ಕೊಡುವ ಫಿನಾಲ್ಫ್ಥಲೀನ್ ಬೆರೆಸಿದ ದ್ರಾವಣ ತಿಳಿ ಗುಲಾಬಿಗೆ ತಿರುಗಿ ನಿಂತ ಹನಿಯಲ್ಲೇ ಕೈ ತಡೆಯುವುದನ್ನು ವೀಡಿಯೊ ತೋರಿಸಬಲ್ಲದೇ ಹೊರತು ನಿನ್ನ ಕೈಗೆ ಕಲಿಸಲಾರದು. ಒಂದು ಹನಿ ಹೆಚ್ಚಾಗಿ, ಬಣ್ಣ ಗಾಢವಾಗಿ, ಮೊದಲಿನಿಂದ ಮತ್ತೆ ಮಾಡಬೇಕಾಗಿ ಬಂದಾಗಲೇ ಆ ಹದ ಸಿಗುತ್ತದೆ. ಪಕ್ಕದಲ್ಲಿ ನಿಂತ ಅಧ್ಯಾಪಕರು ನೀನು ಕೇಳದೆಯೇ ನಿನ್ನ ತಪ್ಪನ್ನು ಗುರುತಿಸುತ್ತಾರೆ. ತನಗೆ ತಿಳಿಯದಿರುವುದು ಏನೆಂದೇ ಗೊತ್ತಾಗದ ಮೊದಲ ವರ್ಷದಲ್ಲಿ ಇದಕ್ಕಿಂತ ದೊಡ್ಡ ಉಪಕಾರವನ್ನು ನಾನು ಕಾಣೆ.

2020ರಲ್ಲಿ ಶಾಲೆಗಳು ಮುಚ್ಚಿದ್ದಾಗ, ಫೋನಾಗಲಿ ನೆಟ್‌ವರ್ಕಾಗಲಿ ಇಲ್ಲದ ಮಕ್ಕಳಿಗಾಗಿ ಸರ್ಕಾರವು ವಿದ್ಯಾಗಮ ಯೋಜನೆಯಡಿ ಶಿಕ್ಷಕರನ್ನೇ ಊರೂರಿಗೆ ಕಳುಹಿಸಿ ಜಗಲಿಗಳಲ್ಲಿ, ಮರದ ನೆರಳಿನಲ್ಲಿ ಪಾಠ ಮಾಡಿಸಬೇಕಾಯಿತು. ನಿಮ್ಮಲ್ಲಿಯೂ ಮಳೆಗಾಲದಲ್ಲಿ ಕರೆಂಟು ಹೋದರೆ ನೆಟ್‌ವರ್ಕು ಉಳಿಯುವುದಿಲ್ಲವೆಂಬುದನ್ನು ಮರೆಯಬೇಡ.

ಕಾಲೇಜಿನಲ್ಲಿ ಎಲ್ಲರೂ ಚೆನ್ನಾಗಿ ಕಲಿಸುತ್ತಾರೆಂದು ನಾನು ಹೇಳಲಾರೆ; ಹಳೆಯ ನೋಟ್ಸನ್ನು ಓದಿ ಬರೆಸುವವರೂ ಇದ್ದಾರೆ. ಅಂತಹ ವಿಷಯಕ್ಕೆ ಎನ್‌ಪಿಟಿಇಎಲ್ ಕೋರ್ಸೊಂದನ್ನು ಜೊತೆಗಿಟ್ಟುಕೋ. ವಾರವಾರದ ಅಸೈನ್‌ಮೆಂಟುಗಳಿಗೆ 25 ಅಂಕ, ಕೇಂದ್ರಕ್ಕೇ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. ಹಾಗಾಗಿ ವಾರದ ಕೆಲಸವನ್ನು ಆ ವಾರವೇ ಮುಗಿಸು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮದಂತೆ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಎನ್‌ಪಿಟಿಇಎಲ್ ಕೋರ್ಸುಗಳೂ ಇರುವ ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ವೇದಿಕೆಯ ಮೂಲಕ ಓದಲು ಅವಕಾಶವಿದೆ. ನಿನ್ನ ಕಾಲೇಜು ಅದನ್ನು ಹೇಗೆ ಒಪ್ಪುತ್ತದೆಂದು ನೋಂದಣಿಗೆ ಮೊದಲೇ ವಿಚಾರಿಸು.

ಹಾಸ್ಟೆಲಿನ ಖರ್ಚಿಗೆ ಅಂಜಿ ನೀನು ಮನೆಯಲ್ಲೇ ಉಳಿಯುವ ಮಾತಾಡಿದ್ದರೆ, ಆ ಭಾರವನ್ನು ನನಗೆ ಬಿಡು. ಇದನ್ನು ನಿನ್ನಪ್ಪನಿಗೂ ಇಂದೇ ಬರೆಯುತ್ತಿದ್ದೇನೆ. ಪ್ರವೇಶದ ಕೊನೆಯ ದಿನಾಂಕವನ್ನು ತಿಳಿಸು.

ಇತಿ ನಿನ್ನ
ದೊಡ್ಡಪ್ಪ