ನಾನು ಅತ್ತಿಲ್ಲ ಅಮ್ಮ, ಇದು ಹುಲ್ಲಿನ ಕಾಟ

ಅಮ್ಮ, ಅಪ್ಪ,

ಭಾನುವಾರ ವಿಡಿಯೋ ಕಾಲ್ ಆದ್ಮೇಲೆ ಅಣ್ಣಂಗೆ ಹೇಳಿದ್ಯಂತೆ, ಅವಳು ಅತ್ತಿದಾಳೆ, ಕಣ್ಣು ನೋಡು ಹೆಂಗೆ ಕೆಂಪಗಾಗಿದೆ, ಗಂಡ ಹೆಂಡ್ತಿ ಜಗಳ ಆಡ್ಕೊಂಡಿದಾರಾ ವಿಚಾರ್ಸು ಅಂತ. ಅಮ್ಮಾ ತಾಯೀ, ನಾನು ಅತ್ತಿಲ್ಲ. ಇವ್ರು ಪಾಪ ಏನೂ ಮಾಡಿಲ್ಲ, ಸೀನಮ್ಮ ಅಂತ ಹೆಸರಿಟ್ಟಿದಾರೆ ಅಷ್ಟೇ. ಫೋನಲ್ಲಿ ಹೇಳೋಕೆ ಹೋದ್ರೆ ಮಧ್ಯೆ ಹತ್ತು ಸಲ ಸೀನ್ತೀನಿ, ಅಷ್ಟೊತ್ತಿಗೆ ನೀನು ಕಷಾಯದ ವಿಷ್ಯಕ್ಕೆ ಹೋಗಿರ್ತೀಯ, ಅದಕ್ಕೇ ಬರೀತಿದೀನಿ.

ಇಲ್ಲಿ ಆಸ್ಟ್ರೇಲಿಯಾದಲ್ಲಿ ಇದಕ್ಕೆ ಹೇ ಫೀವರ್ ಅಂತಾರೆ. ಹೆಸರಲ್ಲಿ ಫೀವರ್ ಇದೆ ಅಂತ ಜ್ವರ ಎಷ್ಟು ಅಂತ ಕೇಳ್ಬೇಡ, ಜ್ವರ ಇರಲ್ಲ. ಹುಲ್ಲು ಹೂ ಬಿಟ್ಟಾಗ ಅದರ ಪರಾಗ ಗಾಳೀಲಿ ಬರತ್ತೆ, ಮೂಗು ಸುರಿಯತ್ತೆ, ಕಣ್ಣು ಕಿತ್ತು ಬಿಸಾಕೋಣ ಅನ್ನೋಷ್ಟು ತುರಿಕೆ. ಅಪ್ಪ, ನೀವು ಸೈಟಲ್ಲಿ ಕಾಂಗ್ರೆಸ್ ಗಿಡ ಕೀಳೋಕೆ ಹೋಗಿ ಎರಡು ದಿನ ಉಬ್ಬಸ ಪಟ್ರಲ್ಲ, ಅದೇ ಕಥೆ, ಗಿಡ ಬೇರೆ. ನಾನು ಮೊದ್ಲು ಮನೆ ಹಿಂದಿನ ವಾಟಲ್ ಮರದ ಹಳದಿ ಹೂವನ್ನೇ ಬೈಕೊಂಡಿದ್ದೆ, ಆಮೇಲೆ ಗೊತ್ತಾಯ್ತು ಕಳ್ಳ ಅದಲ್ಲ, ದನ ಕುರಿ ಮೇಯೋಕೆ ಬೆಳೆಸೋ ರೈಗ್ರಾಸ್ ಅನ್ನೋ ಹುಲ್ಲು, ಅದರ ಹೂವು ಹೂವು ಅಂತಾನೇ ಅನ್ಸಲ್ಲ.

ಸಮುದ್ರದ ಪಕ್ಕ ಇದೀಯ, ಒಳ್ಳೆ ಗಾಳಿ ಅಂತೀಯಲ್ಲ, ದಕ್ಷಿಣದ ಕೊಲ್ಲಿ ಕಡೆಯಿಂದ ಗಾಳಿ ಬೀಸಿದ ದಿನ ನಿಜವಾಗ್ಲೂ ಸ್ವರ್ಗ. ಆದ್ರೆ ಉತ್ತರದ ಗಾಳಿ ಬಿಸಿಯಾಗಿ ಬಂತು ಅಂದ್ರೆ ಒಳನಾಡಿನ ಹುಲ್ಲುಗಾವಲಿನ ಪರಾಗ ಎಲ್ಲ ಮೆಲ್ಬರ್ನ್ ಮೇಲೆ, ಅದ್ರಲ್ಲೂ ನಮ್ಮ ಟಾರ್ನೀಟ್ ಕಡೆ ಊರು ಮುಗಿದ ತಕ್ಷಣ ಬಯಲೇ. ದಿನಾ ಬೆಳಿಗ್ಗೆ ಪರಾಗದ ಲೆಕ್ಕ ಬರತ್ತೆ, ಒಂದು ಘನ ಮೀಟರ್ ಗಾಳೀಲಿ 50 ಕಣ ದಾಟಿದ್ರೆ ಹೈ, 100 ದಾಟಿದ್ರೆ ಎಕ್ಸ್ಟ್ರೀಮ್. ನೀನು ಪಂಚಾಂಗ ನೋಡ್ದಂಗೆ ನಾನು ಅದನ್ನ ನೋಡ್ತೀನಿ, ಬಟ್ಟೆ ಹೊರಗೆ ಒಣಗ್ಸಲ್ಲ, ಆಚೆಯಿಂದ ಬಂದ ತಕ್ಷಣ ತಲೆಗೆ ಸ್ನಾನ.

ಮೊದಲೆರಡು ವರ್ಷ ಏನೂ ಆಗ್ಲಿಲ್ಲ, ಈಗ್ಯಾಕೆ ಅಂತ ಡಾಕ್ಟ್ರನ್ನ ಕೇಳಿದ್ರೆ ಹೊರಗಿಂದ ಬಂದವ್ರಿಗೆ ಹಿಂಗೇ, ಕೆಲವು ವರ್ಷ ಆದ್ಮೇಲೆ ಶುರುವಾಗತ್ತೆ ಅಂದ್ರು. ಸೆಟಿರಿಜಿನ್ ಅನ್ನೋ ಅಲರ್ಜಿ ಮಾತ್ರೆ ತಗೋತೀನಿ, ದಿನಾ ಮೂಗಿಗೆ ಸ್ಟೀರಾಯ್ಡ್ ಸ್ಪ್ರೇ. ಸ್ಟೀರಾಯ್ಡ್ ಅಂದ ತಕ್ಷಣ ಹೆದರ್ಬೇಡ, ಅದು ಮೂಗಿಗಷ್ಟೇ. ಮೊದ್ಲು ನೇರ ಮಧ್ಯದ ಗೋಡೆಗೇ ಹೊಡ್ಕೊಂಡು ರಕ್ತ ಬಂದಿತ್ತು, ಮೆಡಿಕಲ್ ಶಾಪಿನವಳು ಬಲ ಹೊಳ್ಳೆಗೆ ಎಡಗೈಯಲ್ಲಿ, ಕಿವಿ ಕಡೆ ತಿರುಗಿಸಿ ಹೊಡಿ ಅಂತ ತೋರಿಸಿಕೊಟ್ಲು. ಉಪ್ಪುನೀರಲ್ಲಿ ಮೂಗು ತೊಳಿ ಅಂತಾನೂ ಅಂದ್ಲು, ಅಜ್ಜ ಬೆಳಿಗ್ಗೆ ಬಚ್ಚಲಲ್ಲಿ ಜಲನೇತಿ ಮಾಡ್ತಿದ್ರೆ ನಾವು ನಗ್ತಿದ್ವಲ್ಲ, ಈಗ ನಂದೂ ಅದೇ ಅವತಾರ. ನೀರು ಮಾತ್ರ ಕಾಯಿಸಿ ಆರಿಸಿದ್ದೇ ಆಗ್ಬೇಕಂತೆ.

ಇನ್ನು ಬರೆಯೋಕೆ ಕೂತ ನಿಜವಾದ ಕಾರಣ. ನಮ್ಮಲ್ಲಿ ಮಳೆ ಬಂದ್ರೆ ಧೂಳು ಕೂತು ಹಾಯೆನ್ಸತ್ತೆ, ಇಲ್ಲಿ ಈ ಸೀಸನ್ನಲ್ಲಿ ಗುಡುಗು ಅಂದ್ರೆ ಕಿಟಕಿ ಹಾಕ್ಕೊಂಡು ಒಳಗೆ ಕೂರ್ಬೇಕು. ತೇವಕ್ಕೆ ಪರಾಗ ಒಡೆದು ಚೂರುಚೂರಾಗತ್ತೆ, ಇಡೀ ಕಣ ಆದ್ರೆ ಮೂಗಲ್ಲೇ ನಿಲ್ಲತ್ತೆ, ಚೂರು ಸೀದಾ ಶ್ವಾಸಕೋಶಕ್ಕೆ. 2016ರ ನವೆಂಬರ್ 21ಕ್ಕೆ ಸಂಜೆ ಹಂಗೇ ಆಗಿ ಸಾವಿರಾರು ಜನ ಉಸಿರಾಡೋಕಾಗದೆ ಆಸ್ಪತ್ರೆಗೆ ಓಡಿದ್ರು, 10 ಜನ ತೀರ್ಕೊಂಡ್ರು. ಅಷ್ಟು ಜನದಲ್ಲಿ ಎಷ್ಟೋ ಜನಕ್ಕೆ ಅಸ್ತಮಾ ಇದೆ ಅಂತ ಅಲ್ಲೀವರೆಗೆ ಯಾರೂ ಹೇಳೇ ಇರ್ಲಿಲ್ಲ, ಬರೀ ಸೀನು, ನನ್ ಥರ. ನಮ್ಮ ಭಾರತದ ಕಡೆಯವ್ರೂ ತುಂಬಾ ಜನ ಇದ್ರು. ಇದನ್ನ ಇಷ್ಟು ದಿನ ನಿಂಗೆ ಹೇಳಿರ್ಲಿಲ್ಲ ಯಾಕೆ ಅಂತ ನಿಂಗೇ ಗೊತ್ತು. ಉಸಿರು ಕಟ್ಟಿದ್ರೆ ತಗೊಳ್ಳೋ ನೀಲಿ ಇನ್ಹೇಲರ್ ಬ್ಯಾಗಲ್ಲಿದೆ, ಒಂದು ಸಲಾನೂ ಬೇಕಾಗಿಲ್ಲ.

ಅಪ್ಪ, ನಿಮ್ಮ ಉಬ್ಬಸ ಇಟ್ಕೊಂಡು ಡಿಸೆಂಬರಲ್ಲಿ ಬರೋದು ಬೇಡ, ಹುಲ್ಲಿನ ಸೀಸನ್ ವರ್ಷದ ಕೊನೆವರೆಗೂ ಇರತ್ತೆ. ಅಣ್ಣಂಗೆ ಟಿಕೆಟ್ ಫೆಬ್ರವರಿಗೆ ನೋಡೋಕೆ ಹೇಳಿ, ಬಿಸಿಲು ಜಾಸ್ತಿ ಇರತ್ತೆ ಆದ್ರೆ ಹುಲ್ಲು ಒಣಗಿ ಹೋಗಿರತ್ತೆ. ನಮ್ಮ ರಜದ ಬಗ್ಗೆ ಯೋಚ್ನೆ ಮಾಡ್ಬೇಡಿ, ಇವ್ರು ಮಾರ್ಚ್ ವರೆಗೂ ರಜ ಹೊಂದಿಸ್ತೀನಿ ಅಂದಿದಾರೆ. ನಿಮ್ಮ ಇನ್ಹೇಲರ್, ಡಾಕ್ಟ್ರ ಚೀಟಿ ಎರಡೂ ಕೈಚೀಲದಲ್ಲೇ ಇಡಿ, ಸೂಟ್‌ಕೇಸಲ್ಲಿ ಬೇಡ.

ಭಾನುವಾರ ಕಾಲ್ ಮಾಡ್ತೀನಿ. ಕಣ್ಣು ಕೆಂಪಗಿದ್ರೆ ಗಾಳಿ ಉತ್ತರದ್ದು ಅಂದ್ಕೋ.

ನಿಮ್ಮ ಮಗಳು