ಬಾಯ್ಲರಿಗೂ ಒಂದು ನೀರು ತುಂಬುವ ಹಬ್ಬ

ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ ದೀಪಾವಳಿ ಶುರುವಾಗುತ್ತಿದ್ದದ್ದು ಬಚ್ಚಲಿನಿಂದ. ನರಕ ಚತುರ್ದಶಿಯ ಹಿಂದಿನ ದಿನ ಅಮ್ಮ ತಾಮ್ರದ ಹಂಡೆಗೆ ಹುಳಿ ಹಚ್ಚಿ ತಿಕ್ಕುತ್ತಿದ್ದರು. ಒಲೆಯ ಬೂದಿ ಬಾಚುವುದು, ಹೊಗೆ ಹೋಗುವ ದಾರಿಯ ಮಸಿ ಕೆರೆಯುವುದು ನನ್ನ ಪಾಲು. ಅಪ್ಪ ಒಣಗಿದ ಮಡಲು, ಕೊತ್ತಳಿಗೆ, ತೆಂಗಿನ ಸಿಪ್ಪೆ ಆರಿಸಿ ಒಳಗೆ ಒಟ್ಟುತ್ತಿದ್ದರು. ಸಂಜೆ ಹಂಡೆಯ ಕೊರಳಿಗೆ ಬಳ್ಳಿ ಸುತ್ತಿ ನೀರು ತುಂಬಿಸಿದರೆ ಹಬ್ಬ ಬಂತು ಅಂತ ಲೆಕ್ಕ.

ಇಲ್ಲಿ ಇಂಗ್ಲೆಂಡಿನಲ್ಲಿ ನೀರನ್ನೂ ಮನೆಯನ್ನೂ ಬಿಸಿ ಮಾಡುವ ಗ್ಯಾಸ್ ಬಾಯ್ಲರೇ ನಮ್ಮ ಹಂಡೆ. ಆದರೆ ಅದರ ಮೈ ಮುಟ್ಟಿ ನೋಡುವವರು ಯಾರು? ಅಡುಗೆಮನೆಯ ಕಪಾಟಿನೊಳಗೆ ಅದರ ಪಾಡಿಗೆ ಅದು ಇರುತ್ತದೆ. ನಾನೂ ಹಾಗೇ ಇದ್ದೆ, 2010ರ ಡಿಸೆಂಬರ್ ತನಕ. ಆ ತಿಂಗಳ ಚಳಿ ಇಲ್ಲಿದ್ದವರಿಗೆ ನೆನಪಿರಬಹುದು. ಒಂದು ಬೆಳಗ್ಗೆ ಬಾಯ್ಲರ್ ಗುಳುಗುಳು ಅಂದು ನಿಂತೇಹೋಯಿತು. ಊರಿಗೆ ಫೋನ್ ಮಾಡಿದರೆ ಅಮ್ಮ, "ಒಲೆಲಿ ಬೂದಿ ತುಂಬಿಕ್ಕು, ನೋಡು ಮಗಾ" ಅಂದರು, ಬೂದಿ ತುಂಬಿ ಕಟ್ಟಿಕೊಂಡಿರಬಹುದು ಅಂತ. ನಕ್ಕುಬಿಟ್ಟೆ. ರಿಪೇರಿಯವನು ಬಂದು ನೋಡಿದರೆ ಅಮ್ಮ ಹೇಳಿದ್ದು ಹೆಚ್ಚುಕಡಿಮೆ ಸರಿಯೇ. ಬೂದಿಯಲ್ಲ, ಮಂಜುಗಡ್ಡೆ. ಬಾಯ್ಲರಿನಿಂದ ನೀರು ತೊಟ್ಟಿಕ್ಕುವ ಸಣ್ಣ ಪ್ಲಾಸ್ಟಿಕ್ ಕೊಳವೆ ಗೋಡೆಯ ಹೊರಗೆ ಹೆಪ್ಪುಗಟ್ಟಿತ್ತು. ಅವನು ಮಾಡಿದ್ದು ಇಷ್ಟೇ: ಕೊಳವೆಯ ಮೇಲೆ ಒಂದು ಜಗ್ ಬೆಚ್ಚನೆ ನೀರು ಸುರಿದು, ಬಾಯ್ಲರಿನ ಗುಂಡಿ ಒತ್ತಿದ. ಕುದಿಯುವ ನೀರು ಬೇಡ, ಕೊಳವೆ ಬಿರಿಯುತ್ತದೆ ಅಂದ. ಬಿಲ್ಲಿನ ಮೊತ್ತ ಇಲ್ಲಿ ಬರೆಯುವುದಿಲ್ಲ, ಮನೆಯವಳು ಇದನ್ನು ಓದುತ್ತಾಳೆ. ಈಗ ಚಳಿಗೆ ಮೊದಲೇ ಆ ಕೊಳವೆಗೆ ಫೋಮ್ ಸುತ್ತಿಡುತ್ತೇನೆ.

ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಹಿಂದೆ ತಿರುಗಿಸುತ್ತೇವಲ್ಲ, ಆ ದಿನವೇ ನಮ್ಮಲ್ಲಿ ರೇಡಿಯೇಟರ್ ಹಬ್ಬ. ಬಾಯ್ಲರಿನ ಬಿಸಿನೀರು ಒಳಗೆ ಹರಿದು ಕೋಣೆ ಬೆಚ್ಚಗಾಗಿಸುವ, ಗೋಡೆಗೆ ಹಾಕಿದ ಲೋಹದ ಹಲಗೆಗಳು ಅವು. ಒಂದು ಗಂಟೆ ಹೀಟಿಂಗ್ ಹಾಕಿ ಎಲ್ಲವನ್ನೂ ಕೈಯಲ್ಲಿ ಮುಟ್ಟಿ ನೋಡುತ್ತೇನೆ. ಕೆಳಗೆ ಬಿಸಿ, ಮೇಲೆ ತಣ್ಣಗೆ ಅಂದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಆಮೇಲೆ ಹೀಟಿಂಗ್ ಆರಿಸಿ, ಪೂರ್ತಿ ತಣಿಯಲು ಬಿಡಬೇಕು. ಮೂಲೆಯ ಚೌಕ ತಿರುಪಿಗೆ ಕೀಲಿ ಹಾಕಿ, ಕೆಳಗೆ ಹಳೆ ಬೈರಾಸು ಹಿಡಿದು, ಅರ್ಧ ಸುತ್ತು ಎಡಕ್ಕೆ ತಿರುಗಿಸಿದರೆ ಸಾಕು. ಉಸ್ಸ್ ಅಂತ ಗಾಳಿ ಹೋಗುತ್ತದೆ. ನೀರು ಬಂದ ಕೂಡಲೇ ಬಿಗಿ ಮಾಡಿ. ಆ ನೀರು ಕೆಲವೊಮ್ಮೆ ಇದ್ದಲಿನಷ್ಟು ಕಪ್ಪು, ಬಿಳಿ ಕಾರ್ಪೆಟ್ ಇದ್ದವರು ಬೈರಾಸು ಎರಡು ಹಿಡಿಯಿರಿ. ಗಾಳಿ ಹೋದ ಮೇಲೆ ಒತ್ತಡ ಇಳಿದಿರುತ್ತದೆ. ಹೆಚ್ಚಿನ ಬಾಯ್ಲರುಗಳ ಒತ್ತಡ ತೋರಿಸುವ ಮುಳ್ಳು ತಣ್ಣಗಿದ್ದಾಗ 1ರಿಂದ 1.5 ಬಾರ್ ನಡುವೆ ನಿಲ್ಲಬೇಕು. ಕಡಿಮೆಯಾದರೆ ಬಾಯ್ಲರಿನ ಪುಸ್ತಕ ನೋಡಿಕೊಂಡು ನೀರು ತುಂಬಿಸಿ.

ಬಾಯ್ಲರಿನ ಮುಚ್ಚಳ ಮಾತ್ರ ನೀವು ಬಿಚ್ಚಬೇಡಿ. ಗ್ಯಾಸ್ ಸೇಫ್ (ಇಲ್ಲಿನ ಗ್ಯಾಸ್ ಕೆಲಸದವರ ಅಧಿಕೃತ ನೋಂದಣಿ) ಗುರುತಿನ ಚೀಟಿ ಇರುವವರನ್ನೇ ಕರೆಯಿರಿ, ಅದೂ ಸೆಪ್ಟೆಂಬರಿನಲ್ಲೇ. ಚಳಿ ಬಿದ್ದ ಮೇಲೆ ಅವರು ಸಿಗುವುದು ಕಷ್ಟ.

ಇನ್ನೊಂದು ವಿಷಯ ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸುವಂಥದ್ದು. ಊರಿನ ಬಚ್ಚಲಲ್ಲಿ ಹೊಗೆ ಕಟ್ಟಿದರೆ ಕಣ್ಣು ಉರಿದು ಹೊರಗೆ ಓಡುತ್ತಿದ್ದೆವು. ಬಾಯ್ಲರಿನಲ್ಲಿ ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ ಬರುತ್ತದೆ. ಫ್ಲೂ ಅಂದುಕೊಂಡು ಮಲಗುತ್ತೇವೆ. ಅದಕ್ಕೇ ಈ ಗಾಳಿ ಪತ್ತೆಹಚ್ಚಿ ಕೂಗುವ ಅಲಾರಾಂ. ಇದ್ದರೆ ಇವತ್ತೇ ಗುಂಡಿ ಒತ್ತಿ ಪರೀಕ್ಷಿಸಿ, ಅದಕ್ಕೂ ಅವಧಿ ಮುಗಿಯುವ ವರ್ಷ ಬರೆದಿರುತ್ತದೆ. ಬಾಡಿಗೆ ಮನೆಯಲ್ಲಿರುವ ನಮ್ಮ ಹುಡುಗರು, ನರ್ಸ್ ಕೆಲಸಕ್ಕೆ ಹೊಸದಾಗಿ ಬಂದವರು ಗಮನಿಸಿ: ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್ 1ರಿಂದ, ಗ್ಯಾಸ್ ಬಾಯ್ಲರ್ ಇರುವ ಕೋಣೆಗೆ ಈ ಅಲಾರಾಂ ಹಾಕಿಸಿಕೊಡುವುದು ಮನೆ ಮಾಲೀಕರ ಹೊಣೆ. ವರ್ಷಕ್ಕೊಮ್ಮೆ ಗ್ಯಾಸ್ ತಪಾಸಣೆಯೂ ಅವರದ್ದೇ. ಕೇಳಲು ಸಂಕೋಚ ಬೇಡ.

ಈ ಸಲದ ದೀಪಾವಳಿ ಕೂಟಕ್ಕೆ ರೇಡಿಯೇಟರ್ ಕೀಲಿ ತರುತ್ತೇನೆ, ಬೇಕಾದವರು ಒಯ್ಯಬಹುದು. ಕಳೆದ ವರ್ಷ ಒಯ್ದವರು ದಯವಿಟ್ಟು ಅದನ್ನೂ ತನ್ನಿ.